ಸಂಕಮ್ಮ ಭಾಷೆ ಕೊಡಬೇಕೆ?

ಮಲೆ ಮಹದೇಶ್ವರ ಬೆಟ್ಟ ಇಂದು ಹನೂರು ತಾಲ್ಲೂಕಿಗೆ ಸೇರಿದೆ. ಕೊಳ್ಳೇಗಾಲದ ದಾರಿಯಾಗಿ ಬೆಟ್ಟಕ್ಕೆ ಹೋಗುವ ಪರಸೆಯವರಿಗೆ ಕಂಸಾಳೆಯ ದನಿ ಹೊಸದಲ್ಲ. ದೇವರಗುಡ್ಡರು ಹಾಡುವ ಮಾದಪ್ಪನ ಕಥೆಗಳಲ್ಲಿ ಸಂಕಮ್ಮನ ಸಾಲು ಜನಪ್ರಿಯವಾದುದು. ಸೋಲಿಗರ ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮುನ್ನ, ತನ್ನ ಬೆನ್ನ ಹಿಂದೆ ಶೀಲಗೆಡುವುದಿಲ್ಲವೆಂದು ಬಲಗೈ ಭಾಷೆ ಕೊಡುವಂತೆ ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಒಲ್ಲೆನೆನ್ನುತ್ತಾಳೆ. ಗಂಡ ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಕೂಡಿಹಾಕಿ ಹೊರಟುಹೋಗುತ್ತಾನೆ. ಆ ಬಾಗಿಲಿಗೆ ಮಾದಪ್ಪ ಜಂಗಮನಾಗಿ ಬರುತ್ತಾನೆ. ಬಂಜೆಗೆ ಮಕ್ಕಳ ಫಲ ದೊರೆಯುತ್ತದೆ.

ಹಾಡುವವನು ಕಥೆಯನ್ನು ಹೊರಗೆ ನಿಂತು ಹೇಳುತ್ತಾನೆ. ಮರುಗಳಿಗೆಯಲ್ಲಿಯೇ ಗೌಡನ ಬಾಯಾಗುತ್ತಾನೆ. ‘ನೀನು ಭಾಷೆ ಕೊಡು’ ಎಂಬ ಮಾತು ಸಂಕಮ್ಮನಿಗೆ ಹೇಳಿದ್ದಾದರೂ ಕೇಳುವವರ ಕಿವಿಗೇ ನೇರವಾಗಿ ಬೀಳುತ್ತದೆ. ಎಂದೋ ನಡೆದುದು ಈಗ ನಡೆಯತೊಡಗುತ್ತದೆ. ಆದರೆ ಉತ್ತರ ಕೇಳುಗರ ಕೈಯಲ್ಲಿಲ್ಲ.

ಉತ್ತರವನ್ನು ಕೇಳುಗನ ಕೈಗೇ ಕೊಟ್ಟ ಕಥನವೊಂದು 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗುಹೆಗಳನ್ನು ಹೊಕ್ಕು ನೋಡುವ ಹವ್ಯಾಸವಿದ್ದ ವಿಲ್ ಕ್ರೌದರ್ ಎಂಬಾತ ಕೆಂಟಕಿಯ ಮ್ಯಾಮತ್ ಗುಹೆಯನ್ನು ಆಧರಿಸಿ ಗಣಕಯಂತ್ರಕ್ಕೆ ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ. ಡಾನ್ ವುಡ್ಸ್ 1977ರಲ್ಲಿ ಅದನ್ನು ಬೆಳೆಸಿದ. ಚಿತ್ರವಿಲ್ಲ, ಬರಿಯ ಮಾತು. ಎಲ್ಲಿ ನಿಂತಿರುವೆ, ಎದುರಿಗೆ ಏನಿದೆ ಎಂದು ಯಂತ್ರ ವರ್ತಮಾನ ಕಾಲದಲ್ಲಿ, ಮಧ್ಯಮ ಪುರುಷದಲ್ಲಿ ತಿಳಿಸುತ್ತದೆ. ಆಡುವವನು ‘ಉತ್ತರಕ್ಕೆ ಹೋಗು’ ಎಂಬಂತಹ ಆಜ್ಞೆಯನ್ನು ಬರೆಯುತ್ತಾನೆ. ಕಥೆ ಮುಂದೆ ಸಾಗುತ್ತದೆ. ಅಂದಿನಿಂದ ಈ ಬಗೆಯ ಆಟಗಳಿಗೆ ಅದೇ ರೂಢಿಯಾಯಿತು.

ಇಂತಹ ಆಟವನ್ನು ಕನ್ನಡದಲ್ಲಿ ರಚಿಸ ಹೊರಟವನಿಗೆ ಮೊದಲ ವಾಕ್ಯದಲ್ಲಿಯೇ ತೊಡಕು. ಇಂಗ್ಲಿಷಿಗೆ ಒಂದೇ ಸರ್ವನಾಮ ಸಾಕು. ಕನ್ನಡಕ್ಕೆ ‘ನೀನು’, ‘ನೀವು’ ಎರಡುಂಟು. ಮನೆಯ ಅಜ್ಜಿ ಆಡಲು ಕುಳಿತರೆ ಯಂತ್ರ ಆಕೆಯನ್ನು ಏಕವಚನದಲ್ಲಿ ಕರೆಯಬಹುದೆ? (ದೇವರನ್ನು ‘ನೀನು’ ಎನ್ನಲು ಹಿಂಜರಿಯದ ಜನ ನಾವು, ಅದು ಬೇರೆ.) ಆದರೆ ಒಂದು ಲಾಭವೂ ಉಂಟು. ‘ಹೋದನು’, ‘ಹೋದಳು’ ಎಂಬಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಎಂದು ಸಾರಿಬಿಡುತ್ತದೆ. ‘ನೀನು ಹೋದೆ’ ಎಂಬಲ್ಲಿ ಆ ಗುಟ್ಟು ಬಯಲಾಗದು. ಇನ್ನೂ ಸೋಜಿಗವೆಂದರೆ, ಆಡುಮಾತಿನ ಭೂತಕಾಲದಲ್ಲಿ ‘ನಾನೂ ಹೋದೆ, ನೀನೂ ಹೋದೆ’; ರೂಪ ಒಂದೇ. ವರ್ತಮಾನಕ್ಕೆ ಬಂದರೆ ‘ಹೋಗುತ್ತೇನೆ’, ‘ಹೋಗುತ್ತೀಯೆ’ ಎಂದು ಇಬ್ಬರೂ ಬೇರೆಯಾಗುತ್ತಾರೆ. ಆಡುವವನನ್ನೂ ಪಾತ್ರವನ್ನೂ ಬೆಸೆಯುವ ಗುಣ ಕನ್ನಡದಲ್ಲಿ ವರ್ತಮಾನಕ್ಕಿಂತ ಭೂತಕಾಲಕ್ಕೇ ಹೆಚ್ಚು ಎನ್ನಬೇಕಾಗುತ್ತದೆ.

ಸಂಕಮ್ಮನ ಸಾಲನ್ನೇ ಆಟವಾಗಿಸಿದರೆ? ‘ನೀನು’ ಸಂಕಮ್ಮ, ಎದುರಿಗೆ ಗೌಡ ಕೈಚಾಚಿ ನಿಂತಿದ್ದಾನೆ. ಆಡುವ ಹುಡುಗನೊಬ್ಬ ಏಟಿಗೆ ಅಂಜಿ ‘ಭಾಷೆ ಕೊಡು’ ಎಂದು ಬರೆದಾನು. ಯಳಂದೂರಿನವಳೆಂದು ಹೆಸರಾದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ದಲ್ಲಿ ಸತೀಧರ್ಮವನ್ನು ಬೋಧಿಸಿದವಳು; ಆಕೆಯ ಸಾಧ್ವಿಯೂ ಪ್ರಾಯಶಃ ಕೊಟ್ಟಾಳು. ಕೊಟ್ಟರೆ ಹಿಂಸೆಯಿಲ್ಲ, ಕೂಡಿಹಾಕುವುದಿಲ್ಲ, ಜಂಗಮ ಬರಬೇಕಾದ ಕಾರಣವೂ ಇಲ್ಲ. ಹಾಗೆಂದು ಆ ಆಜ್ಞೆಯನ್ನೇ ಯಂತ್ರ ನಿರಾಕರಿಸಿದರೆ, ಸಂಕಮ್ಮನ ಒಲ್ಲೆನೆಂಬ ಮಾತಿಗೆ ಬೆಲೆಯೆಲ್ಲಿ ಉಳಿಯಿತು? ಕೊಡಬಹುದಾಗಿದ್ದೂ ಕೊಡದವಳು ಆಕೆ.

ಆದುದರಿಂದ ಬಾಗಿಲು ಎರಡೂ ತೆರೆದಿರಲಿ. ಗೌಡ ಮಾಡಿದುದೆಲ್ಲ ಭೂತಕಾಲದಲ್ಲಿರಲಿ. ಅದನ್ನು ಯಾರೂ ತಿದ್ದಲಾರರು. ಅವನು ಕೈಚಾಚಿದ ಗಳಿಗೆಯಿಂದ ಮಾತ್ರ ವರ್ತಮಾನ. ಭಾಷೆ ಕೊಟ್ಟವನಿಗೆ ಯಂತ್ರ ಇಷ್ಟೇ ಹೇಳಲಿ: ಗೌಡ ನಗುತ್ತ ಜೇನಿಗೆ ಹೋದ, ನೀನು ಒಲೆಯ ಮುಂದೆ ಕುಳಿತಿದ್ದೀಯೆ, ಬಾಗಿಲು ತೆರೆದೇ ಇದೆ, ಯಾರೂ ಬರುತ್ತಿಲ್ಲ.