ಬೆಬೆಲ್‌ನ ಜೀವನಕಥನದಲ್ಲಿ ಯೂಲಿಯ ಸ್ಥಾನ

ಜರ್ಮನಿಯ ಆರಂಭಕಾಲದ ಸಮಾಜವಾದಿ ನಾಯಕನಾದ ಆಗಸ್ಟ್ ಬೆಬೆಲ್‌ನ (1840–1913) ಬದುಕನ್ನು ಸಾಮಾನ್ಯವಾಗಿ ಕಾರ್ಮಿಕನೊಬ್ಬ ಜನನಾಯಕನಾಗಿ ಬೆಳೆದ ಕಥನವೆಂದು ನಿರೂಪಿಸಲಾಗುತ್ತದೆ. ಈ ನಿರೂಪಣೆ ಸುಳ್ಳಲ್ಲ, ಆದರೆ ಅಪೂರ್ಣ. ‘ಮಹಿಳೆ ಮತ್ತು ಸಮಾಜವಾದ’ವನ್ನು ಬರೆದವನ ಬದುಕನ್ನು ಅವನ ಮನೆಯ ಮಹಿಳೆಯರನ್ನು ಹೊರಗಿಟ್ಟು ಓದುವುದು ಆ ಕೃತಿಯ ಆಶಯಕ್ಕೇ ವಿರುದ್ಧವಾದುದು.

ಪ್ರಷ್ಯದ ಸೈನಿಕನೊಬ್ಬನ ಮಗನಾಗಿ ಕಲೋನ್ ಸಮೀಪದ ಡಾಯ್ಟ್ಸ್‌ನಲ್ಲಿ ಹುಟ್ಟಿದ ಬೆಬೆಲ್ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡನು. ವೆಟ್ಸ್‌ಲಾರ್‌ನಲ್ಲಿ ಹೊಲಿಗೆಯ ದುಡಿಮೆಯಿಂದ ಮಕ್ಕಳನ್ನು ಸಾಕಿದ ತಾಯಿ 1853ರಲ್ಲಿ ತೀರಿಕೊಂಡಳು. ಮರ, ಕೊಂಬುಗಳನ್ನು ಕಡೆಯುವ ಕಸುಬನ್ನು ಕಲಿತ ಅವನು 1860ರಲ್ಲಿ ಲೈಪ್‌ಜಿಗ್‌ಗೆ ಬಂದು, 1864ರಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. 1866ರಲ್ಲಿ ಶ್ರಮಿಕ ಕುಟುಂಬದ ಯೂಲಿ ಓಟೋಳನ್ನು ಮದುವೆಯಾದನು. ಮರುವರ್ಷವೇ ಉತ್ತರ ಜರ್ಮನ್ ಸಂಸತ್ತಿಗೆ ಆಯ್ಕೆಯಾದ ಅವನು, 1869ರಲ್ಲಿ ವಿಲ್‌ಹೆಲ್ಮ್ ಲೀಬ್‌ಕ್ನೆಖ್ಟ್‌ನೊಂದಿಗೆ ಐಸೆನಾಖ್‌ನಲ್ಲಿ ಕಾರ್ಮಿಕ ಪಕ್ಷವನ್ನು ಕಟ್ಟಿದನು.

1870ರ ಫ್ರಾನ್ಸ್ ಯುದ್ಧಕ್ಕೆ ಹಣ ಮಂಜೂರು ಮಾಡುವಾಗ ಇವರಿಬ್ಬರೂ ಬೆಂಬಲ ನೀಡಲಿಲ್ಲ. ಆಲ್ಸೇಸ್-ಲೊರೇನ್ ಪ್ರದೇಶವನ್ನು ಕಸಿದುಕೊಳ್ಳುವುದನ್ನೂ ವಿರೋಧಿಸಿದರು. 1872ರಲ್ಲಿ ರಾಜದ್ರೋಹದ ಆರೋಪದ ಮೇಲೆ ಎರಡು ವರ್ಷಗಳ ಕೋಟೆವಾಸದ ಶಿಕ್ಷೆಯಾಯಿತು. ಶಾಲಾ ಶಿಕ್ಷಣ ಅಲ್ಪವಾಗಿದ್ದ ಬೆಬೆಲ್‌ಗೆ ಸೆರೆಮನೆಯೇ ಅಧ್ಯಯನದ ಸ್ಥಳವಾಯಿತೆಂಬುದನ್ನು ಚರಿತ್ರಕಾರರು ಒತ್ತಿ ಹೇಳುತ್ತಾರೆ. ಆ ಬಿಡುವು ಯಾರ ದುಡಿಮೆಯಿಂದ ದೊರೆಯಿತೆಂಬ ಪ್ರಶ್ನೆ ಮಾತ್ರ ಹಿಂದುಳಿಯುತ್ತದೆ. ಆ ಅವಧಿಯಲ್ಲಿ ಕಾರ್ಯಾಗಾರವನ್ನು ನಡೆಸಿದವಳು, ಮಗಳನ್ನು ಬೆಳೆಸಿದವಳು, ಪಕ್ಷದ ಪತ್ರವ್ಯವಹಾರವನ್ನು ನಿಭಾಯಿಸಿದವಳು ಯೂಲಿ. 1881ರಲ್ಲಿ ಸಮಾಜವಾದಿ ವಿರೋಧಿ ಕಾನೂನಿನಡಿ ಬೆಬೆಲ್ ಲೈಪ್‌ಜಿಗ್‌ನಿಂದ ಹೊರದೂಡಲ್ಪಟ್ಟಾಗಲೂ ಮನೆಯ ಹೊಣೆ ಅವಳ ಮೇಲೆಯೇ ಬಿದ್ದಿತು.

ಆ ಕಾನೂನು ಜಾರಿಯಲ್ಲಿದ್ದಾಗಲೇ, 1879ರಲ್ಲಿ, ‘ಮಹಿಳೆ ಮತ್ತು ಸಮಾಜವಾದ’ ಪ್ರಕಟವಾಯಿತು. ಆರ್ಥಿಕ ಪರಾವಲಂಬನೆ ಮತ್ತು ಪುರುಷಾಧೀನತೆ ಎಂಬ ಎರಡು ಬಂಧನಗಳನ್ನು ಒಟ್ಟಿಗೆ ಕಂಡ ಈ ಕೃತಿ ಲೇಖಕನ ಜೀವಿತಾವಧಿಯಲ್ಲೇ 50 ಆವೃತ್ತಿಗಳನ್ನು ಕಂಡಿತು. ಮನೆಗೆಲಸವು ಸಾಮಾಜಿಕ ವ್ಯವಸ್ಥೆಯ ಹೊಣೆಯಾಗಬೇಕೆಂದು ಅದು ವಾದಿಸುತ್ತದೆ. ಆದರೆ ಅಂಥದೇ ಅದೃಶ್ಯ ದುಡಿಮೆಯ ಆಸರೆಯಲ್ಲಿ ಲೇಖಕನ ರಾಜಕೀಯ ಜೀವನ ನಿಂತಿತ್ತು. ಇದನ್ನು ಕೇವಲ ವ್ಯಕ್ತಿಯ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಷ್ಯದಲ್ಲಿ 1908ರವರೆಗೆ ಮಹಿಳೆಯರು ರಾಜಕೀಯ ಸಂಘಗಳ ಸದಸ್ಯರಾಗುವುದೇ ನಿಷಿದ್ಧವಾಗಿತ್ತು. ಬೆಬೆಲ್ ತನ್ನ ಆತ್ಮಕಥೆಯಲ್ಲಿ ಯೂಲಿಯನ್ನು ಕೃತಜ್ಞತೆಯಿಂದ ನೆನೆದಿದ್ದಾನೆ; 1895ರಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಸಂಸತ್ತಿನಲ್ಲಿ ದನಿಯೆತ್ತಿದ್ದಾನೆ.

ಆದರೂ ಕೃತಜ್ಞತೆ ಬೇರೆ, ಚರಿತ್ರೆಯಲ್ಲಿನ ಸ್ಥಾನ ಬೇರೆ. ಸಂಗಾತಿಯ ದುಡಿಮೆಯನ್ನು ‘ತ್ಯಾಗ’ವೆಂದು ಕರೆದಾಗ ಅದು ಗೌರವ ಪಡೆಯುತ್ತದೆ, ರಾಜಕೀಯ ಕಾರ್ಯವೆಂಬ ಮಾನ್ಯತೆಯನ್ನು ಕಳೆದುಕೊಳ್ಳುತ್ತದೆ. ನಾಯಕರ ಜೀವನಚರಿತ್ರೆಗಳನ್ನು ಅಭ್ಯಸಿಸುವವರು ಈ ಪದವನ್ನು ಅನುಮಾನದಿಂದಲೇ ನೋಡಬೇಕಾಗಿದೆ. ಜರ್ಮನಿಯ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1918ರಲ್ಲಿ. ಯೂಲಿ 1910ರಲ್ಲೇ ತೀರಿಕೊಂಡಿದ್ದಳು. ಅರ್ಧ ಶತಮಾನದಷ್ಟು ಕಾಲ ತಾನು ಹೊತ್ತ ಚಳವಳಿಗೆ ಒಂದು ಮತವನ್ನೂ ಹಾಕಲು ಅವಳಿಗೆ ಸಾಧ್ಯವಾಗಲಿಲ್ಲ.