ಮೂರಡಿ ಎತ್ತರದ ಅಟ್ಟ

ಹುಟ್ಟಿದ ಮಗು ಯಾರದು? ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನು ಇದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: ತಾಯಿ ಗುಲಾಮಳಾದರೆ ಮಗುವೂ ಗುಲಾಮ. ವರ್ಜೀನಿಯಾ 1662ರಲ್ಲೇ ಹೀಗೆ ಕಾನೂನು ಮಾಡಿತ್ತು. ತಂದೆ ಸ್ವತಂತ್ರ ಬಿಳಿಯನಾಗಿದ್ದರೂ ವ್ಯತ್ಯಾಸವಿರಲಿಲ್ಲ. ತಾಯ್ತನವೇ ಮಾಲೀಕನ ಆಸ್ತಿ ಹೆಚ್ಚಿಸುವ ದಾರಿಯಾಗಿತ್ತು.

ನಾರ್ತ್ ಕೆರೊಲಿನಾದ ಈಡನ್‌ಟನ್ ಎಂಬ ಊರಿನಲ್ಲಿ 1813ರಲ್ಲಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್ ಈ ಕಾನೂನಿಗೆ ಸಿಕ್ಕವಳು. ಒಡತಿ ಸತ್ತಾಗ ಆಕೆ ಉಯಿಲಿನ ಮೂಲಕ ಒಂದು ಪುಟ್ಟ ಬಾಲಕಿಯ ಸೊತ್ತಾದಳು. ಆ ಬಾಲಕಿಯ ತಂದೆ, ವೈದ್ಯ ಜೇಮ್ಸ್ ನಾರ್ಕಮ್, ವರ್ಷಗಟ್ಟಲೆ ಆಕೆಯನ್ನು ಕಾಮದೃಷ್ಟಿಯಿಂದ ಕಾಡಿದ. ಅವನಿಂದ ಪಾರಾಗಲು ಆಕೆ ಮತ್ತೊಬ್ಬ ಬಿಳಿಯ ವಕೀಲನ ಸಂಗ ಆರಿಸಿಕೊಂಡಳು. ಅವನಿಂದ ಜೋಸೆಫ್, ಲೂಯಿಸಾ ಎಂಬ ಇಬ್ಬರು ಮಕ್ಕಳಾದರು.

1835ರಲ್ಲಿ ಮಕ್ಕಳನ್ನೂ ತೋಟದ ದುಡಿತಕ್ಕೆ ಎಳೆಯುವ ಸಿದ್ಧತೆ ನಡೆಯಿತು. ಆಗ ಆಕೆ ಒಂದು ಲೆಕ್ಕ ಹಾಕಿದಳು. ತಾನು ಮಾಯವಾದರೆ ನಾರ್ಕಮ್‌ಗೆ ಮಕ್ಕಳು ಹೊರೆಯಾಗುತ್ತಾರೆ, ಮಾರುತ್ತಾನೆ, ಅವರ ತಂದೆ ಕೊಳ್ಳುತ್ತಾನೆ. ತಪ್ಪಿದರೆ ಮಕ್ಕಳು ಶಾಶ್ವತವಾಗಿ ಕೈಬಿಟ್ಟಂತೆ. ಲೆಕ್ಕ ತಪ್ಪಲಿಲ್ಲ. ಮಕ್ಕಳು ಅಜ್ಜಿಯ ಮನೆ ಸೇರಿದರು. ತಾಯಿ ಅದೇ ಮನೆಗೆ ಹೊಂದಿದ ಉಗ್ರಾಣದ ಅಟ್ಟ ಸೇರಿದಳು.

ಅಟ್ಟದ ಅಳತೆಯನ್ನು ಆಕೆಯೇ ದಾಖಲಿಸಿದ್ದಾಳೆ: ಉದ್ದ 9 ಅಡಿ, ಅಗಲ 7 ಅಡಿ, ಅತಿ ಎತ್ತರದ ಕಡೆ 3 ಅಡಿ, ಅಲ್ಲಿಂದ ಇಳಿಜಾರು. ಕಟ್ಟಡದ ನಕ್ಷೆ ಓದಿ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಅಲ್ಲಿ ನಿಲ್ಲುವಂತಿಲ್ಲ, ಮಗ್ಗುಲು ಬದಲಿಸಿದರೆ ಮಾಡು ತಾಗುತ್ತದೆ. ಬೆಳಕಿಲ್ಲ, ಗಾಳಿಯಿಲ್ಲ, ಇಲಿಗಳ ಓಡಾಟ. ಸಿಕ್ಕಿದ ಒಂದು ಬೈರಿಗೆಯಿಂದ ಆಕೆ ಒಂದಿಂಚಿನ ಕಿಂಡಿ ಕೊರೆದಳು. ಅದರಿಂದ ಕೆಳಗೆ ಆಡುವ ಮಕ್ಕಳು ಕಾಣುತ್ತಿದ್ದರು, ಕರೆಯುವಂತಿರಲಿಲ್ಲ. ಕಿಂಡಿಯ ಮಂದ ಬೆಳಕಿನಲ್ಲೇ ಅವರಿಗೆ ಬಟ್ಟೆ ಹೊಲಿದಳು. ನ್ಯೂಯಾರ್ಕ್‌ನಿಂದ ಬಂದಂತೆ ತೋರುವ ಪತ್ರಗಳನ್ನು ಅಲ್ಲಿಂದಲೇ ಅಂಚೆಗೆ ಹಾಕಿಸಿ ನಾರ್ಕಮ್‌ನನ್ನು ದಾರಿ ತಪ್ಪಿಸಿದಳು. ಹೀಗೆ ಸುಮಾರು ಏಳು ವರ್ಷ. 1842ರಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾ ತಲುಪಿದಳು.

ಆದರೂ ಭಯ ತೀರಲಿಲ್ಲ. ಉತ್ತರಕ್ಕೆ ಓಡಿ ಬಂದವರನ್ನೂ ಹಿಡಿದೊಪ್ಪಿಸುವ ಕಾನೂನು 1850ರಲ್ಲಿ ಇನ್ನಷ್ಟು ಕಠಿಣವಾಯಿತು. 1852ರಲ್ಲಿ, ಆಕೆ ಕೆಲಸಕ್ಕಿದ್ದ ಮನೆಯ ಒಡತಿ 300 ಡಾಲರ್ ಕೊಟ್ಟು ಬಿಡುಗಡೆ ಕೊಂಡಳು. ಹ್ಯಾರಿಯೆಟ್‌ಗೆ ಕೃತಜ್ಞತೆ ಇತ್ತು, ಅದರ ಜೊತೆಗೆ ಕಹಿಯೂ ಇತ್ತು. ತನ್ನದೇ ಆದುದನ್ನು ಯಾರೋ ದುಡ್ಡು ಕೊಟ್ಟು ತರಬೇಕಾದದ್ದು ಯಾವ ನ್ಯಾಯ?

1861ರಲ್ಲಿ ಆಕೆ ಗುಪ್ತನಾಮದಲ್ಲಿ ಆತ್ಮಕಥೆ ಪ್ರಕಟಿಸಿದಳು. ಮದುವೆಯಿಲ್ಲದೆ ತಾಯಿಯಾದುದನ್ನೂ ಮುಚ್ಚಿಡಲಿಲ್ಲ. ಶೀಲದ ಮಾತಾಡುವ ಸಮಾಜ ಆ ಶೀಲವನ್ನು ಕಾಯುವ ಹಕ್ಕನ್ನೇ ತನಗೆ ಕೊಟ್ಟಿರಲಿಲ್ಲ ಎಂಬುದು ಆಕೆಯ ವಾದ. ಬಹುಕಾಲ ವಿದ್ವಾಂಸರು ಆ ಪುಸ್ತಕವನ್ನು ಕಾದಂಬರಿ ಎಂದೇ ತಳ್ಳಿಹಾಕಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ ಪತ್ರ, ದಾಖಲೆಗಳನ್ನು ಹುಡುಕಿ ಅದು ನಿಜವೆಂದು ತೋರಿಸಿದರು.

ಶರಣ ಬಂಧುಗಳೇ, ಇಂಥ ತಾಯಿಯನ್ನು ತ್ಯಾಗಮೂರ್ತಿ ಎಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆ ಹೊಗಳಿಕೆಯಲ್ಲಿ ಒಂದು ಮೋಸವಿದೆ. ತಾಯಿಯ ಸಹನೆಯನ್ನು ಎಷ್ಟು ಕೊಂಡಾಡುತ್ತೇವೋ, ಆಕೆಯನ್ನು ಅಟ್ಟಕ್ಕೆ ಏರಿಸಿದವರನ್ನು ಅಷ್ಟೇ ಮರೆಯುತ್ತೇವೆ. ಹ್ಯಾರಿಯೆಟ್ ಮರೆಯಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಮಗಳು ಲೂಯಿಸಾಳೊಂದಿಗೆ ವರ್ಜೀನಿಯಾಕ್ಕೇ ಹೋಗಿ, ಅಲೆಕ್ಸಾಂಡ್ರಿಯಾದಲ್ಲಿ ಬಿಡುಗಡೆಯಾದವರ ಮಕ್ಕಳಿಗೆ ಶಾಲೆ ತೆರೆದಳು. ತನ್ನ ಮಕ್ಕಳು ಪಾರಾದರೆ ಸಾಕೆಂದು ಆಕೆ ಕೂರಲಿಲ್ಲ. ಒಬ್ಬ ತಾಯಿಗೆ ಅಂಥ ಧೈರ್ಯ ಬೇಕಾಗದಂತೆ ನೋಡಿಕೊಳ್ಳುವುದೇ ಆಕೆಗೆ ಸಲ್ಲುವ ಗೌರವ.