ಗುಟ್ಟು ರಟ್ಟು ಮಾಡಬೇಡಿ

ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ. ಬೈಕ್ ಸವಾರನೊಬ್ಬ ರಸ್ತೆ ಮಧ್ಯದ ಕಲ್ಲನ್ನು ಪಕ್ಕಕ್ಕೆ ತಳ್ಳಿ, ಗಾಡಿ ತಿರುಗಿಸಿಕೊಂಡು ಹೊರಟುಬಿಡುತ್ತಾನೆ. ಕಲ್ಲು ಅಲ್ಲೇ ಬಿದ್ದಿರುತ್ತದೆ.

ಪವನ್ ಕುಮಾರ್ ನಿರ್ದೇಶನದ ‘ಯು-ಟರ್ನ್’ (2016) ಭಯ ಹುಟ್ಟಿಸುವುದು ಇಷ್ಟು ಸಣ್ಣ ತಪ್ಪಿನಿಂದ. ಶ್ರದ್ಧಾ ಶ್ರೀನಾಥ್ ಮಾಡಿದ ಎಳೆಯ ಪತ್ರಕರ್ತೆಯ ಪಾತ್ರ, ಹೀಗೆ ತಿರುಗಿದ ಗಾಡಿಗಳ ನಂಬರ್ ಪಟ್ಟಿ ಹಿಡಿದು ಸುದ್ದಿ ಹುಡುಕುತ್ತದೆ. ಆ ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ಸತ್ತಿರುವುದು ಗೊತ್ತಾಗುತ್ತದೆ. ದಿನಾ ಕಾಣುವ ಆ ಕಲ್ಲೇ ಕೊನೆಗೆ ಎದೆಯ ಮೇಲೆ ಕೂರುತ್ತದೆ. ಒಳ್ಳೆಯ ತಿರುವು ಬಾನಿಂದ ಉದುರುವುದಿಲ್ಲ. ಕಣ್ಣೆದುರೇ ಇದ್ದು, ಪ್ರೇಕ್ಷಕನಿಗೆ ಕಾಣದೇ ಹೋಗಿರುತ್ತದೆ.

ನಿರ್ದೇಶಕ ಹಿಚ್‌ಕಾಕ್‌ಗೆ ಇಂಥ ತಿರುವಿನ ಬೆಲೆ ಗೊತ್ತಿತ್ತು. 1960ರ ‘ಸೈಕೋ’ದಲ್ಲಿ ಜಾನೆಟ್ ಲೀ ಪಾತ್ರ ಚಿತ್ರ ಅರ್ಧ ಮುಟ್ಟುವ ಮೊದಲೇ ಕೊಲೆಯಾಗುತ್ತದೆ. ನಾಯಕಿ ಎಂದು ನಂಬಿದವಳೇ ಇಲ್ಲವಾದರೆ ಮುಂದೆ ಯಾರನ್ನು ನಂಬುವುದು? ಆ ಆಘಾತ ಕೆಡಬಾರದೆಂದು, ಆಟ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡಲೇಬಾರದೆಂದು ಅವರು ಪಟ್ಟು ಹಿಡಿದಿದ್ದರು.

ಈಗ ಮೊದಲ ಆಟ ಮುಗಿಯುವಷ್ಟರಲ್ಲಿ ಕೊಲೆಗಾರನ ಹೆಸರು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಮನೆಯಲ್ಲಿ ನೋಡುವವರೋ, ನಿಧಾನದ ದೃಶ್ಯ ಬಂದರೆ ಓಡಿಸಿಬಿಡುತ್ತಾರೆ. ಸುಳಿವುಗಳಿರುವುದೇ ಆ ನಿಧಾನದಲ್ಲಿ. ಎರಡು ಗಂಟೆ ಫೋನ್ ಕೆಳಗಿಟ್ಟು, ನೋಡಿದ ಗುಟ್ಟನ್ನು ಒಂದು ವಾರವಾದರೂ ತಮ್ಮಲ್ಲೇ ಇಟ್ಟುಕೊಳ್ಳುವುದು ಪ್ರೇಕ್ಷಕರಿಗೆ ಅಷ್ಟೇನೂ ಕಷ್ಟದ ಕೆಲಸವಲ್ಲ.